ಛುರಿಕಾಮೌಲ್ಯನಿರ್ಣಯ: ಪಿತ್ರಾರ್ಜಿತ ಜೇಬುಚಾಕುಗಳ ಕ್ರಯವಿಕ್ರಯ ವಿಚಾರ

ಹಿರಿಯರು ಬಿಟ್ಟುಹೋಗುವ ಆಸ್ತಿಯನ್ನು ಶಾಸ್ತ್ರಕಾರರು ಸ್ಥಾವರ, ಜಂಗಮ ಎಂದು ಎರಡಾಗಿ ವಿಂಗಡಿಸಿ ಕೈತೊಳೆದುಕೊಂಡರು. ಅವರ ಕಾಲದಲ್ಲಿ ಬಿಸ್ಕತ್ತಿನ ಡಬ್ಬಿ ಇರಲಿಲ್ಲ. ಡಬ್ಬಿಯೊಳಗಿನ ಆಸ್ತಿಗೆ ಪಹಣಿ ಇಲ್ಲವಾದ್ದರಿಂದ ಅದು ಸ್ಥಾವರವಲ್ಲ. ಅಟ್ಟದಿಂದ ಐವತ್ತು ವರ್ಷ ಕದಲದ ಕಾರಣ ಜಂಗಮವೂ ಅಲ್ಲ. ಈ ಮೂರನೆಯ ಜಾತಿಯಲ್ಲಿ ಮಡಿಸುವ ಚಾಕುಗಳಿಗೆ ಅಗ್ರಸ್ಥಾನ. ಅವುಗಳ ಬೆಲೆ ಕಟ್ಟುವುದು ಹೇಗೆ, ಮಾರುವುದು ಹೇಗೆ ಎಂಬ ಬಗ್ಗೆ ಕನ್ನಡದಲ್ಲಿ ಒಂದು ಶಾಸ್ತ್ರಗ್ರಂಥವಿಲ್ಲದ ಕೊರತೆಯನ್ನು ಈ ಪ್ರಬಂಧ ನೀಗಿಸುತ್ತದೆ. ಹಾಗೆಂದು ಒಪ್ಪದವರನ್ನು ಪೂರ್ವಪಕ್ಷಿಗಳೆಂದು ಬಗೆದು ಮುಂದೆ ಸಾವಕಾಶವಾಗಿ ಖಂಡಿಸಲಾಗುವುದು.

ವಿಚಾರಕ್ಕೊಂದು ದೃಷ್ಟಾಂತ ಬೇಕು. ನಮ್ಮ ತಾರ್ಕಿಕರು ಶತಮಾನಗಳಿಂದ ದೇವದತ್ತನೆಂಬ ಒಬ್ಬ ಬಡಪಾಯಿಯನ್ನೇ ಎಲ್ಲ ಉದಾಹರಣೆಗಳಿಗೂ ದುಡಿಸಿದ್ದಾರೆ. ನಾವೂ ಅವನನ್ನೇ ಕರೆಯೋಣ. ದೇವದತ್ತ ಚಿಕ್ಕಮಗಳೂರು ಸೀಮೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದು, ತೊಂಬತ್ತು ದಾಟಿ ತೀರಿಕೊಂಡ. ಹಿರಿಯ ಮಗ ಯಜ್ಞದತ್ತ, ಕಿರಿಯ ವಿಷ್ಣುಮಿತ್ರ. ನಡುವೆ ಒಬ್ಬಳು ಮಗಳು. ಮಗಳಿಗೆ ತಾರ್ಕಿಕರು ಹೆಸರಿಟ್ಟಿಲ್ಲ. ಅವಳು ಎದುರು ಪ್ರಶ್ನೆ ಕೇಳಿಯಾಳೆಂಬ ಭಯವಿದ್ದಿರಬೇಕು. ಹದಿಮೂರನೆಯ ದಿನದ ಊಟ ಮುಗಿದು ಅಟ್ಟ ಹತ್ತಿದವರಿಗೆ ಡಬ್ಬಿ ಸಿಕ್ಕಿತು.

ಮೊದಲು ಹಕ್ಕಿನ ಪ್ರಶ್ನೆ. ಇದರಲ್ಲಿ ಕನ್ನಡ ನೆಲಕ್ಕೆ ಹೆಮ್ಮೆಯ ಪಾಲಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಇದ್ದವನು. ಅವನ ಮತದಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ‘ದಾಯಭಾಗ’ವಾದರೋ, ತಂದೆ ಕಣ್ಮುಚ್ಚುವವರೆಗೆ ಕಾಯಿರಿ ಎನ್ನುತ್ತದೆ. ಚಾಕುವಿನ ವಿಷಯಕ್ಕೆ ಮಾತ್ರ ನಮ್ಮ ತಾಯಂದಿರೆಲ್ಲ ದಾಯಭಾಗದವರೇ. ಮಿತಾಕ್ಷರದ ಮಗು ತೊಟ್ಟಿಲಿನಿಂದಲೇ ಹಕ್ಕುದಾರನಾದರೂ, ಅವನ ಪಾಲಿನ ಚಾಕುವನ್ನು ಯಾವ ತಾಯಿಯೂ ತೊಟ್ಟಿಲಿಗೆ ಹಾಕಿದ್ದಿಲ್ಲ. ಇನ್ನು ಹೆಣ್ಣುಮಕ್ಕಳ ಪಾಲು: ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಕಾಯ್ದೆ ತಿದ್ದಿ ಅದನ್ನು ಒಪ್ಪಿಕೊಂಡವು. ಯಜ್ಞದತ್ತ ಇನ್ನೂ ಒಪ್ಪಿಲ್ಲ. ಅವನನ್ನು ಪೂರ್ವಪಕ್ಷಿಗಳ ಪಟ್ಟಿಗೆ ಸೇರಿಸಲಾಗಿದೆ.

ಬೆಲೆ ಕಟ್ಟುವುದಕ್ಕೆ ಪ್ರಮಾಣಗಳು ಆರು. ಮೊದಲನೆಯದು ಪ್ರತ್ಯಕ್ಷ. ಚಾಕುವನ್ನು ಬಿಡಿಸಿ ಅಲಗಿನ ಬುಡ ನೋಡಬೇಕು. ಜಾತಕವೆಲ್ಲ ಅಲ್ಲಿದೆ. ದೇವದತ್ತನ ಡಬ್ಬಿಯ ಅತಿ ಹಳೆಯ ಚಾಕುವಿನ ಬುಡದಲ್ಲಿ ಒಂದು ನಕ್ಷತ್ರ, ಒಂದು ಮಾಲ್ಟೀಸ್ ಶಿಲುಬೆ, ನಡುವೆ ಕಿರೀಟವಿಟ್ಟು ವಿ, ಆರ್ ಎಂಬ ಎರಡಕ್ಷರ. ಯಜ್ಞದತ್ತ ಇದನ್ನು ನೋಡಿ ಕಣ್ಣೊರೆಸಿಕೊಂಡ. ತನ್ನ ತಾಯಿಯ ತಂದೆ ವೆಂಕಟರಾಯರು ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಉಡುಗೊರೆ, ಹೆಸರು ಕೆತ್ತಿಸಿಯೇ ಕೊಟ್ಟಿದ್ದಾರೆ ಎಂದ. ಕಿರೀಟ ಏಕೆ ಎಂದು ತಂಗಿ ಕೇಳಿದಳು. ಅಜ್ಜ ಪಟೇಲರಾಗಿದ್ದರಲ್ಲ ಎಂಬ ಉತ್ತರ ಬಂತು. ವಾಸ್ತವದಲ್ಲಿ ಅದು ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪೆನಿಯ ಮುದ್ರೆ. ವಿ ಆರ್ ಎಂದರೆ 1837ರಿಂದ 1901ರವರೆಗೆ ಆಳಿದ ವಿಕ್ಟೋರಿಯಾ ರಾಣಿ. ಅರಸರು ಬದಲಾದಂತೆ ಅಕ್ಷರವೂ ಬದಲಾಗಿ, ಮುಂದೆ ಜಾರ್ಜರ ಕಾಲಕ್ಕೆ ಜಿ ಆರ್ ಬಂತು. ಶೆಫೀಲ್ಡಿನ ಚಾಕುಗಾರರು ಸಾಮಾನ್ಯರಲ್ಲ. ಅವರ ಸಂಘಕ್ಕೆ 1624ರಲ್ಲೇ ಪಾರ್ಲಿಮೆಂಟಿನ ಮನ್ನಣೆ ಸಿಕ್ಕಿತ್ತು. ಇದೇ ರಾಡ್ಜರ್ಸ್ ಕಂಪೆನಿ 1822ರಲ್ಲಿ 1822 ಅಲಗುಗಳ ಒಂದು ಚಾಕು ಮಾಡಿತು. ಅದನ್ನು ಮಡಿಸಿ ಜೇಬಿಗಿಡುವವನ ಜೇಬು ಯಾವುದೆಂಬ ಬಗ್ಗೆ ಪಂಡಿತರು ಮೌನವಾಗಿದ್ದಾರೆ.

ಎರಡನೆಯದು ಅನುಮಾನ. ಹೊಗೆ ಕಂಡಲ್ಲಿ ಬೆಂಕಿ ಎಂಬಂತೆ ಚುಕ್ಕಿ ಕಂಡಲ್ಲಿ ಇಸವಿ. ಅಮೆರಿಕದ ಕೇಸ್ ಕಂಪೆನಿ 1970ರಲ್ಲಿ ತನ್ನ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಇಟ್ಟು, ವರ್ಷಕ್ಕೊಂದರಂತೆ ಅಳಿಸುತ್ತ ಬಂದಿತು. ಏಳು ಚುಕ್ಕಿ ಇದ್ದರೆ 1973, ಒಂದೇ ಇದ್ದರೆ 1979. ಅಮೆರಿಕದಲ್ಲಿರುವ ಮೊಮ್ಮಗ ಅಜ್ಜನಿಗೆ ತಂದುಕೊಟ್ಟಿದ್ದ ಕೇಸ್ ಚಾಕುವನ್ನು ವಿಷ್ಣುಮಿತ್ರ ಭೂತಗನ್ನಡಿ ಹಿಡಿದು ಪರೀಕ್ಷಿಸಿ ಎಂಟು ಚುಕ್ಕಿ ಎಣಿಸಿದ. ಅಕ್ಕ ಬಟ್ಟೆಯಿಂದ ಒರೆಸಿದ ಮೇಲೆ ಐದು ಉಳಿದವು. ಮಿಕ್ಕವು ಮಾವಿನ ಸೊನೆ. ಮೂರು ವರ್ಷಗಳನ್ನು ಒಂದೇ ಒರೆತದಲ್ಲಿ ದಾಟಿದ ಈ ಘಟನೆಯನ್ನು ಹೇತ್ವಾಭಾಸಕ್ಕೆ ಉದಾಹರಣೆಯಾಗಿ ಪಾಠಶಾಲೆಗಳಲ್ಲಿ ಬಳಸಬಹುದು.

ಉಪಮಾನವೆಂದರೆ ಇಂಥದೇ ಚಾಕು ಬೇರೆಡೆ ಎಷ್ಟಕ್ಕೆ ಹೋಯಿತೆಂದು ನೋಡುವುದು. ಇಲ್ಲಿ ದೊಡ್ಡ ದೊಡ್ಡವರೇ ಎಡವುತ್ತಾರೆ. ಮಾರುವವನು ಕೇಳಿದ ಬೆಲೆ ಬೇರೆ, ಕೊಂಡವನು ಕೊಟ್ಟ ಬೆಲೆ ಬೇರೆ. ಕೇಳಿದ ಬೆಲೆ ಆಸೆಗೆ ಪ್ರಮಾಣವೇ ಹೊರತು ಮೌಲ್ಯಕ್ಕಲ್ಲ. ಸ್ವಿಸ್ ಚಾಕುಗಳ ಗತಿ ನೋಡಿ. ಕಾರ್ಲ್ ಎಲ್ಸೆನರ್ 1897ರಲ್ಲಿ ತನ್ನ ಅಧಿಕಾರಿಗಳ ಚಾಕುವನ್ನು ನೋಂದಾಯಿಸಿದ. 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು ಕಂಪೆನಿಗೆ ಇಟ್ಟ. ತುಕ್ಕುಹಿಡಿಯದ ಉಕ್ಕು ಬಂದ ಮೇಲೆ 1921ರಲ್ಲಿ ಆ ಹೆಸರು ವಿಕ್ಟೋರಿನಾಕ್ಸ್ ಆಯಿತು. ಇಷ್ಟು ಗೌರವಸ್ಥ ಮನೆತನದ ಚಾಕುಗಳು ಈಗ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಕೈಯಿಂದ ಬಿದ್ದು, ರಾಜ್ಯ ಸರ್ಕಾರಗಳ ಮಿಗತೆ ಸಾಮಾನಿನ ಅಂಗಡಿಗಳಲ್ಲಿ ತೂಕದ ಲೆಕ್ಕಕ್ಕೂ ಹೋಗುತ್ತವೆ. ದೇವದತ್ತನ ಸ್ವಿಸ್ ಚಾಕುವಿನಲ್ಲಿ ಬಾಟಲಿಯ ಬಿರಡೆ ಕೀಳುವ ತಿರುಪೊಂದು ಮಾತ್ರ ಕಾರ್ಖಾನೆಯಿಂದ ಬಂದಂತೆಯೇ ಇತ್ತು. ಮುದುಕ ಕಾಫಿಯ ಹೊರತು ಏನನ್ನೂ ಕುಡಿದವನಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ. ಆದರೆ ತಿರುಪೊಂದನ್ನೇ ಕೊಳ್ಳುವವರು ಸಿಗಲಿಲ್ಲ.

ಶಬ್ದಪ್ರಮಾಣ ಅತ್ಯಂತ ಗದ್ದಲದ್ದು. ‘ಇದು ತೋಟದ ದೊರೆಯೇ ಅಪ್ಪಯ್ಯನ ಕೈಗೆ ಕೊಟ್ಟದ್ದು’ ಎಂಬುದು ಮಲೆನಾಡಿನ ಪ್ರತಿ ಡಬ್ಬಿಯ ಜೊತೆಗೂ ಬರುವ ಆಪ್ತವಾಕ್ಯ. ಹೀಗೆ ಕೊಟ್ಟದ್ದೆಲ್ಲ ನಿಜವಾದರೆ ಆ ಕಾಲದ ದೊರೆಗಳ ಬಳಿ ಒಂದು ಕಿತ್ತಳೆ ಸುಲಿಯಲೂ ಚಾಕು ಉಳಿದಿರಲಾರದು. ಕೊಳ್ಳುವವನು ಕಾಗದ ಕೇಳುತ್ತಾನೆ: ರಸೀದಿ, ಪತ್ರ, ಕನಿಷ್ಠ ಒಂದು ಫೋಟೋ. ದೇವದತ್ತನ ಮನೆಯಲ್ಲಿ ಫೋಟೋ ಇತ್ತು. ದೊರೆ ಕುರ್ಚಿಯಲ್ಲಿ ಕೂತಿದ್ದ, ದೇವದತ್ತ ಹಿಂದೆ ನಿಂತಿದ್ದ, ದೊರೆಯ ನಾಯಿಯೂ ಇತ್ತು, ಚಾಕು ಇರಲಿಲ್ಲ.

ಇನ್ನುಳಿದ ಎರಡು ಪ್ರಮಾಣಗಳನ್ನು ನೈಯಾಯಿಕರು ಒಪ್ಪುವುದಿಲ್ಲ; ಭಾಟ್ಟ ಮೀಮಾಂಸಕರೂ ಚಾಕು ವ್ಯಾಪಾರಿಗಳೂ ಒಪ್ಪುತ್ತಾರೆ. ಅನುಪಲಬ್ಧಿ, ಅಂದರೆ ಇಲ್ಲದಿರುವುದರಿಂದ ಬರುವ ಜ್ಞಾನ. ಅಮೆರಿಕದ 1890ರ ಸುಂಕದ ಕಾಯ್ದೆ, ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ವಿಧಿಸಿತು. ಆದ್ದರಿಂದ ‘ಇಂಗ್ಲೆಂಡ್’ ಎಂಬ ಮುದ್ರೆ ಇಲ್ಲದ ಶೆಫೀಲ್ಡ್ ಚಾಕು ಬಹುಶಃ 1891ಕ್ಕೂ ಹಿಂದಿನದೆಂದು ಸಂಗ್ರಹಕಾರರ ಸಿದ್ಧಾಂತ. ಬೋಸ್ಟನ್ನಿಗೆ ಮಾಡಿದ ಕಾನೂನು ಬಾಳೆಹೊನ್ನೂರಿಗೆ ಬಂದ ಚಾಕುವಿಗೆ ಎಷ್ಟು ಅನ್ವಯ ಎಂಬ ಮಗಳ ಆಕ್ಷೇಪ ಇನ್ನೂ ಉತ್ತರ ಪಡೆದಿಲ್ಲ. ಅರ್ಥಾಪತ್ತಿಯೆಂದರೆ, ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆ ಎಂಬ ಕಲ್ಪನೆ. ಡಬ್ಬಿಯೊಳಗಿನ ಮಖಮಲ್ಲಿನ ಬಟ್ಟೆಯಲ್ಲಿ ಒಂದು ಚಾಕುವಿನ ಅಚ್ಚು ಮೂಡಿತ್ತು, ಚಾಕು ಇರಲಿಲ್ಲ. ವಿಷ್ಣುಮಿತ್ರ ಹೋದ ವರ್ಷವೇ ಒಮ್ಮೆ ಅಟ್ಟ ಹತ್ತಿದ್ದ, ಜೇನು ನೋಡಲು. ಈ ಎರಡು ವಾಕ್ಯಗಳನ್ನು ಜೋಡಿಸುವ ಕೆಲಸವನ್ನು ಮನೆಯ ಹಿರಿಯ ಸೊಸೆ ಮಾಡಿ ಮುಗಿಸಿದಳು.

ಈಗ ಶುದ್ಧೀಕರಣ ಪ್ರಕರಣ. ಇದನ್ನು ಓದುಗರು ಎರಡು ಸಲ ಓದಬೇಕು. ಹಳೆಯ ಚಾಕುಗಳ ಉಕ್ಕು ಕಾರ್ಬನ್ ಉಕ್ಕು. ನಿಂಬೆ, ಮಾವು, ಈರುಳ್ಳಿಯ ರಸ ತಾಗಿದರೆ ಕಪ್ಪುನೀಲಿಗೆ ತಿರುಗುತ್ತದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹಚ್ಚಿದ ಅರಿಸಿನ ಕುಂಕುಮ, ಕೊಯ್ದ ನಿಂಬೆಹಣ್ಣು, ಅಲಗಿನ ಮೇಲೆ ಅಷ್ಟೂ ವರ್ಷಗಳ ಪಂಚಾಂಗವನ್ನು ಬರೆದಿಡುತ್ತವೆ. ಸಂಗ್ರಹಕಾರನಿಗೆ ಈ ಕಪ್ಪು ಬೇಕು. ಕೆಂಪು ತುಕ್ಕು ಬೇಡ. ಅವನು ಮೃದು ಬಟ್ಟೆಯಲ್ಲಿ ಒಂದು ಹನಿ ಎಣ್ಣೆ ಹಚ್ಚಿ ಸುಮ್ಮನಾಗುತ್ತಾನೆ. ನಮ್ಮ ಮನೆಗಳ ಧರ್ಮವಾದರೋ ಹೊಳಪು. ನೆಂಟರು ಬರುತ್ತಾರೆಂದರೆ ದೇವರ ಪಾತ್ರೆಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಹುಣಸೆಹುಳಿ ಬೂದಿ ಬೀಳಲೇಬೇಕು. ಕೊಳ್ಳುವವರು ಬೆಂಗಳೂರಿನಿಂದ ನೋಡಲು ಬರುತ್ತಾರೆಂದು ತಿಳಿದದ್ದೇ ಯಜ್ಞದತ್ತ ಡಬ್ಬಿಯನ್ನು ಸಂತೆಯ ಸಾಣೆಯವನ ಮುಂದಿಟ್ಟ. ಅವನು ಶ್ರದ್ಧಾವಂತ, ಚಕ್ರ ತುಳಿದು ಕಿಡಿ ಹಾರಿಸಿ ಎಲ್ಲವನ್ನೂ ಕನ್ನಡಿಯಂತೆ ಮಾಡಿಕೊಟ್ಟ. ನಕ್ಷತ್ರ ಹೋಯಿತು, ಶಿಲುಬೆ ಹೋಯಿತು, ವೆಂಕಟರಾಯರೂ ಹೋದರು. ಪ್ರತ್ಯಕ್ಷ ಪ್ರಮಾಣವೇ ಅಪ್ರತ್ಯಕ್ಷವಾದ ಸಂದರ್ಭ ತತ್ತ್ವಶಾಸ್ತ್ರದ ಇತಿಹಾಸದಲ್ಲಿ ವಿರಳ. ಸಾಣೆಯವನಿಗೆ ಕೊಟ್ಟ ಕೂಲಿಯನ್ನು ಮೂವರಲ್ಲಿ ಹಂಚುವ ಬಗ್ಗೆ ಮಿತಾಕ್ಷರ ಏನೂ ಹೇಳುವುದಿಲ್ಲ.

ಈ ಪ್ರಸಂಗದಿಂದಲೇ ನಮ್ಮ ಮುಖ್ಯ ಸೂತ್ರ ಹುಟ್ಟುತ್ತದೆ: ಚಾಕುವಿನ ಬೆಲೆ ಅದರ ಬಳಕೆಗೆ ವಿಲೋಮವಾಗಿರುತ್ತದೆ. ದೇವದತ್ತ ದಿನವೂ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡಕೆ ಕೆರೆದು, ಪೆನ್ಸಿಲು ಚೂಪು ಮಾಡಿ, ಕಿತ್ತಳೆ ಗಿಡಕ್ಕೆ ಕಸಿ ಕಟ್ಟಿ, ಮಕ್ಕಳ ಕಾಲಿನ ಮುಳ್ಳು ತೆಗೆದ ಚಾಕು ತೇದು ತೇದು ದರ್ಭೆಯಷ್ಟು ಸಪೂರವಾಗಿತ್ತು. ಮಾರುಕಟ್ಟೆಯಲ್ಲಿ ಅದರ ಬೆಲೆ ಸೊನ್ನೆಯ ಆಸುಪಾಸು. ಅವನು ಮುಟ್ಟದೆ ಇಟ್ಟದ್ದಕ್ಕೆ ಹಣ. ಅಂದರೆ ಸಂಗ್ರಹಕಾರ ಕೊಳ್ಳುವುದು ದೇವದತ್ತ ಮಾಡದೆ ಬಿಟ್ಟ ಕೆಲಸವನ್ನು. ಪೂರ್ವಪಕ್ಷಿ ಕೇಳಬಹುದು: ಜಾತ್ರೆಯಲ್ಲಿ ಕೊಂಡ, ಹನ್ನೊಂದು ಉಪಕರಣಗಳ, ಒಂದೂ ತೆರೆಯದ ನಕಲಿ ಚಾಕುವನ್ನೂ ಅವನು ಮುಟ್ಟಿರಲಿಲ್ಲವಲ್ಲ, ಅದಕ್ಕೇಕೆ ಬೆಲೆ ಇಲ್ಲ? ಸೂತ್ರಕ್ಕೆ ಅತಿವ್ಯಾಪ್ತಿ ದೋಷ ಬಂತಲ್ಲ? ಸಮಾಧಾನ ಹೀಗೆ: ಅದು ಬಳಸದೆ ಉಳಿದದ್ದಲ್ಲ, ಬಳಸಲು ಒಪ್ಪದೆ ಉಳಿದದ್ದು. ಒಳ್ಳೆಯ ಚಾಕುವಿಗೆ ನಡೆ ನುಡಿ ಎರಡೂ ಶುದ್ಧವಿರಬೇಕು. ತೆರೆಯುವಾಗ ಅಲುಗದೆ ನಡೆಯಬೇಕು, ಮುಚ್ಚುವಾಗ ‘ಟಕ್’ ಎನ್ನಬೇಕು.

ನಿಷೇಧ ಪ್ರಕರಣವನ್ನು ಬೇಗ ಮುಗಿಸೋಣ, ಏಕೆಂದರೆ ಇದರಲ್ಲಿ ಹಾಸ್ಯವಿಲ್ಲ, ದಂಡವಿದೆ. ಆನೆದಂತದ ಹಿಡಿ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ಕಡವೆ ಕೊಂಬಿನ ಹಿಡಿಗೂ ಇದೇ ಗತಿ. ಒಂದು ಕಾಲಕ್ಕೆ ನಮ್ಮ ಕಾಡಿನ ಕಡವೆಯ ಕೊಂಬು ಹಡಗೇರಿ ಶೆಫೀಲ್ಡಿಗೆ ಹೋಗಿ, ಹಿಡಿಯಾಗಿ, ಬೆಲೆ ಹೆಚ್ಚಿಸಿಕೊಂಡು ವಾಪಸು ಬರುತ್ತಿತ್ತು. ಡಬ್ಬಿಯಲ್ಲಿದ್ದ ಅಂಥದೊಂದು ಚಾಕುವನ್ನು ಈಗ ಮಾರುವಂತಿಲ್ಲ; ಮಾರಲಾಗದೆಂದು ತಿಳಿದ ಮೇಲೆ ಮೂವರೂ ಅದು ತಮಗಿರಲಿ ಎನ್ನುತ್ತಿದ್ದಾರೆ. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ ಪರವಾನಗಿ ಕೇಳುತ್ತವೆ. ಮನೆಗೆಲಸ, ಬೇಸಾಯದ ಚಾಕುಗಳಿಗೆ ವಿನಾಯಿತಿ. ಜೇಬುಚಾಕುಗಳು ಈ ಅಳತೆಗೆ ಏರುವುದಿಲ್ಲ.

ಮಾರುವ ಬಗೆ ಮೂರು. ಬಿಡಿಬಿಡಿಯಾಗಿ ಮಾರಿದರೆ ಹಣ ಹೆಚ್ಚು, ಆಯಸ್ಸು ಕಡಿಮೆ. ಇಡಿಯಾಗಿ ಮಾರಿದರೆ ವ್ಯಾಪಾರಿ ತನ್ನ ಲಾಭ ಕಳೆದೇ ಕೊಡುತ್ತಾನೆ, ಆದರೆ ಡಬ್ಬಿ ಖಾಲಿಯಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಬಂದವನಿಗೆ ಬೇಕಾದ ನಾಲ್ಕು ಆರಿಸಿಕೊಳ್ಳಲು ಬಿಟ್ಟು, ಉಳಿದ ತೌಡನ್ನು ಕುಟ್ಟುತ್ತ ಕೂರುವುದು. ಮಗಳ ಹಟದಿಂದ ಇಡಿಯಾಗಿ ಕೊಡುವುದೆಂದು ತೀರ್ಮಾನವಾಗಿ, ಬೆಂಗಳೂರಿನ ಒಬ್ಬ ಸಂಗ್ರಹಕಾರರು ಒಪ್ಪಿದರು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂಬ ನಂಬಿಕೆ ಇದ್ದುದರಿಂದ ಕೊರಿಯರಿನಲ್ಲಿ ಕಳಿಸುವುದೇ ಶಾಸ್ತ್ರಸಮ್ಮತ ಎಂದು ಹಿರಿಯ ಸೊಸೆ ವ್ಯವಸ್ಥೆ ಕೊಟ್ಟಳು. ಜಗಳ ಆಗಲೇ ಆಗಿತ್ತೆಂಬುದು ಬೇರೆ ಮಾತು.

ಪೇಟೆಯ ಕೊರಿಯರ್ ಅಂಗಡಿಗೆ ಮೂವರೂ ಹೋದರು. ಹುಡುಗ ಡಬ್ಬಿ ತೆರೆಸಿ ಇಣುಕಿ ನೋಡಿ ಚೀಟಿ ಬರೆಯತೊಡಗಿದ. ಬೆಲೆ ಎಷ್ಟು ಹಾಕಲಿ ಎಂದ. ಯಜ್ಞದತ್ತ ವೆಂಕಟರಾಯರಿಂದ ಆರಂಭಿಸಿದ. ವಿಷ್ಣುಮಿತ್ರ ಚುಕ್ಕಿಗಳ ಲೆಕ್ಕ ಹೇಳಿದ. ಮಗಳು, ಕೇಳಿದ ಬೆಲೆ ಬೇಕೋ ಕೊಟ್ಟ ಬೆಲೆ ಬೇಕೋ ಎಂದು ಮರುಪ್ರಶ್ನೆ ಹಾಕಿದಳು.

ಹುಡುಗ ಒಂದು ಕ್ಷಣ ಮೂವರನ್ನೂ ನೋಡಿದ. ‘ಅಡುಗೆ ಸಾಮಾನು, ಹಳೇದು, ₹500’ ಎಂದು ಬರೆದು ಸೀಲು ಒತ್ತಿ, ‘ಮುಂದೆ ಯಾರ್ರೀ?’ ಎಂದ.