ರಜೆಗೆ ಬಂದ ಫಾದರ್

ಮಂಗಳೂರು ಕಡೆಯ ಎಷ್ಟೋ ಕಥೋಲಿಕ ಮನೆತನಗಳಲ್ಲಿ ಇಂಥ ಫಾದರ್ ಒಬ್ಬರಿರುತ್ತಾರೆ. ಸೆಮಿನರಿ ಮುಗಿಸಿ, ಗುರುದೀಕ್ಷೆ ಪಡೆದು, ಆಫ್ರಿಕಾದ ಯಾವುದೋ ಮಿಷನ್ ಶಾಲೆಗೆ ಗಣಿತದ ಮಾಸ್ತರರಾಗಿ ಹೋದವರು. ಮೂರು ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ. ಮೊದಲ ವಾರ ಮನೆಯಲ್ಲಿ ಹಬ್ಬ, ಕೋಳಿ, ಸಾನ್ನ. ಎರಡನೆಯ ವಾರ ಮನೆಯವರು ಕ್ಯಾಲೆಂಡರ್ ಕಡೆ ಕಳ್ಳನೋಟ ಬೀರುತ್ತಾರೆ.

ಇಲ್ಲಿ ಹೇಳುತ್ತಿರುವ ಫಾದರ್ ಇರುವುದು ತಾಂಜಾನಿಯಾದ ದಕ್ಷಿಣಕ್ಕೆ, ಮ್ಟ್ವಾರಾ ಕಡೆ. ಅವರನ್ನು ಕಾರಿನಲ್ಲಿ ಅಡ್ಡಾಡಿಸುವ ಕೆಲಸ ಅಣ್ಣನ ಮಗನದು. ಅವನ ಹೆಸರು ಬೇಡ. ಈ ಲೇಖನದ ಸಂಭಾವನೆ ಹೇಗೂ ಅವನಿಗೇ ಹೋಗುತ್ತದೆ.

ಅವನ ತಕರಾರೆಲ್ಲ ಗಡಿಯಾರದ್ದು. ಸ್ವಾಹಿಲಿ ಆಡುವ ಸೀಮೆಯಲ್ಲಿ ಹೊತ್ತಿನ ಲೆಕ್ಕ ಶುರುವಾಗುವುದು ಬೆಳಗಾದ ಮೇಲೆ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಅಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಆರಕ್ಕೇ ಸೂರ್ಯ ಹುಟ್ಟುತ್ತಾನೆ. ಹಾಗಾಗಿ ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಮಧ್ಯಾಹ್ನದ ಹನ್ನೆರಡು ಅವರಿಗೆ ಆರು. ಕೈಗಡಿಯಾರ ಮಾತ್ರ ನಮ್ಮ ಥರದ್ದೇ. ಮುಳ್ಳು ಏಳರ ಮೇಲಿದ್ದರೂ ಬಾಯಿ ಒಂದು ಅನ್ನುತ್ತದೆ. ಫಾದರ್ ಹೋದ ಹೊಸತರಲ್ಲಿ ಹೆಡ್‌ಮಾಸ್ತರರು ಮೊದಲ ಪೀರಿಯಡ್ ಎರಡು ಗಂಟೆಗೆ ಅಂದರಂತೆ. ಇವರು ಊಟ ಮುಗಿಸಿ, ಸಣ್ಣದೊಂದು ನಿದ್ದೆ ತೆಗೆದು, ಸೀಮೆಸುಣ್ಣ ಹಿಡಿದು ಹೊರಟರೆ ಮಕ್ಕಳು ಶಾಲೆ ಬಿಟ್ಟು ಎದುರಿಗೆ ಬರುತ್ತಿದ್ದರು. ಈ ಕತೆಯನ್ನು ಪ್ರತಿ ರಜೆಯಲ್ಲೂ, ಪ್ರತಿ ಮನೆಯಲ್ಲೂ ಹೊಸದಾಗಿ ಹೇಳುತ್ತಾರೆ. ನಗುವುದು ಕಡ್ಡಾಯ.

ಆಮೇಲೆ ಅವರು ಆ ಗಡಿಯಾರಕ್ಕೆ ಒಗ್ಗಿದರು ನೋಡಿ, ತೊಂದರೆ ಶುರುವಾದದ್ದೇ ಅಲ್ಲಿಂದ. ಒಮ್ಮೆ ಬೆಳಿಗ್ಗೆ ಎರಡು ಗಂಟೆಗೆ ಫೋನ್ ಮಾಡು ಅಂದರು. ಅಣ್ಣನ ಮಗ ಅಲಾರಂ ಇಟ್ಟು ಅಪರಾತ್ರಿಯಲ್ಲಿ ಎದ್ದು ಫೋನ್ ಮಾಡಿದ. ಯಾರು ಸತ್ತರೆಂದು ಅವರು ಗಾಬರಿಯಾದರು. ಅಲ್ಲಿನ ಎರಡೆಂದರೆ ಬೆಳಗಿನ ಎಂಟು, ನಮ್ಮಲ್ಲಿ ಆಗ ಹತ್ತೂವರೆ. ಕಳೆದ ರಜೆಯಲ್ಲಿ ನೆಂಟರ ಮನೆಗೆ ಹೊರಡಲು ಏಳು ಗಂಟೆಗೆ ಕಾರು ತಾ ಎಂದಿದ್ದರು. ಅವನು ಮಳೆಯಲ್ಲಿ ನೆನೆದುಕೊಂಡು ಏಳಕ್ಕೇ ಹಾಜರು. ಫಾದರ್ ಲುಂಗಿ ಉಟ್ಟು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿದ್ದರು.

"ಮಧ್ಯಾಹ್ನದ ಊಟಕ್ಕೆ ಹೋಗುವವರು ಬೆಳಿಗ್ಗೆ ಏಳಕ್ಕೆ ಹೊರಡ್ತಾರಾ ಮಾರಾಯ?"

ಗಣಿತದ ಮಾಸ್ತರರು. ವಾದಕ್ಕೆ ನಿಂತು ಗೆದ್ದವರಿಲ್ಲ.

ಎರಡನೆಯ ಕಾಟ ಕುಶಲ ಪ್ರಶ್ನೆ. ತಾಂಜಾನಿಯಾದಲ್ಲಿ ಮನೆಯ ಸುದ್ದಿ, ಕೆಲಸದ ಸುದ್ದಿ, ಮಕ್ಕಳ ಸುದ್ದಿ ಕೇಳದೆ ಅಂಗಡಿಯಲ್ಲಿ ಸಕ್ಕರೆ ಕೇಳುವುದೂ ಒರಟುತನ. ಕಿರಿಯರು ಹಿರಿಯರಿಗೆ 'ಶಿಕಮೋ' ಎನ್ನಬೇಕು, ಹಿರಿಯರು 'ಮರಹಬಾ' ಎನ್ನಬೇಕು. ಈ ಸಂಸ್ಕಾರವನ್ನು ಫಾದರ್ ಮಂಗಳೂರಿನ ಸಿಟಿ ಬಸ್ಸಿಗೆ ಹತ್ತಿಸಿದರು. ಕಾರು ಗ್ಯಾರೇಜಿನಲ್ಲಿದ್ದ ದಿನ. ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಹತ್ತಿ, ಕಂಡಕ್ಟರನ ಕೈ ಹಿಡಿದು, ಮನೆಯಲ್ಲಿ ಎಲ್ಲರೂ ಸೌಖ್ಯವಾ, ಅಮ್ಮ ಹೇಗಿದ್ದಾರೆ ಅಂತ ಶುರುಮಾಡಿದರು. ಹಿಂದಿನ ಬಸ್ಸು ಬಾಲ ಮುಟ್ಟುವಷ್ಟು ಹತ್ತಿರ ಬಂದಿತ್ತು. ಕಂಡಕ್ಟರ್ ಬಾಯಲ್ಲಿ ಸೀಟಿ, ಬೆರಳ ಸಂದಿಯಲ್ಲಿ ನೋಟು. ಅವನು ಉತ್ತರ ಕೊಡಲಿಲ್ಲ. ಹಂಪನಕಟ್ಟೆ ದಾಟಿತು, ಜ್ಯೋತಿ ದಾಟಿತು, ಫಾದರ್ ಕಾಯುತ್ತಲೇ ಇದ್ದರು. ಕಂಕನಾಡಿ ಬಂದಾಗ ಬಾಗಿಲಿನಿಂದ "ಫಾದರ್! ಫಾದರ್!" ಎಂಬ ಕೂಗು. ಕೊನೆಗೂ ಮಾತಾಡಿಸಿದನಲ್ಲ ಎಂದು ಇವರು ಮುಖ ಅರಳಿಸಿ ಎದ್ದು ಬಾಗಿಲಿಗೆ ಹೋದರು. ಕಂಡಕ್ಟರ್ "ಮುಲ್ಲರ್, ಮುಲ್ಲರ್" ಎಂದು ಮುಗಿಸಿ ಅವರನ್ನು ಫಾದರ್ ಮುಲ್ಲರ್ ಆಸ್ಪತ್ರೆ ಎದುರು ಇಳಿಸಿಯೇ ಬಿಟ್ಟ.

ಆ ಫಾದರ್ ಮುಲ್ಲರ್ ಕೂಡ ಪರದೇಶದಿಂದ ಬಂದ ಪಾದ್ರಿಯೇ. ಇಟಲಿಯ ಜೆಸ್ಯೂಟರು 1878ರ ಕೊನೆಗೆ ಮಂಗಳೂರಿಗೆ ಬಂದಿಳಿದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಅವರ ಜೊತೆಗಾರರಾದ ಜರ್ಮನಿಯ ಮುಲ್ಲರ್ ಅದೇ ವರ್ಷ ಕಂಕನಾಡಿಯ ಆಲದ ಮರದಡಿ ಹೋಮಿಯೋಪಥಿ ಗುಳಿಗೆ ಹಂಚಲು ಕೂತರು. ಅವರು ರಜೆಗೆ ಜರ್ಮನಿಗೆ ಹೋಗಿ ನಮ್ಮ ಗಂಜಿಯ ಗುಣಗಾನ ಮಾಡಿದ್ದರೆ ಅಲ್ಲಿಯ ಅಣ್ಣನ ಮಕ್ಕಳೂ ಇಷ್ಟೇ ಅನುಭವಿಸುತ್ತಿದ್ದರೋ ಏನೋ.

ಮೂರನೆಯ ಕಾಟ ಅಲ್ಲಿಯ ಊಟದ್ದು, ಉಗಾಲಿ. ಅದನ್ನು ಬೇಗ ಮುಗಿಸಬಹುದು. ಮೆಕ್ಕೆಜೋಳದ ಹಿಟ್ಟಿನದು, ನಮ್ಮ ರಾಗಿಮುದ್ದೆಯ ಬಿಳಿ ತಮ್ಮ ಅನ್ನಿ. ಬೆಂಗಳೂರಿನ ಸೆಮಿನರಿಯಲ್ಲಿ ಮುದ್ದೆ ಕಂಡು ಮುಖ ಸಿಂಡರಿಸಿದ್ದ ಮನುಷ್ಯ ಈಗ ಅತ್ತಿಗೆಯ ಅಡುಗೆಮನೆಗೆ ನುಗ್ಗಿ ಉಗಾಲಿ ತೊಳಸುತ್ತಾರೆ, ಜೊತೆಗೆ ಹರಿವೆ ಸೊಪ್ಪು. ಅದೂ ಅಲ್ಲಿಯ ನಿತ್ಯದ ಪಲ್ಯ. ತಳ ಹಿಡಿದ ಪಾತ್ರೆ ತಿಕ್ಕುವುದು ಅತ್ತಿಗೆ.

ಫಾದರ್ ಹೇಳದೆ ಬಿಡುವ ಕತೆಗಳೂ ಇವೆ. ಮೊದಲ ವರ್ಷ ಮಲೇರಿಯಾ ಬಂದು ಮಲಗಿದ್ದಾಗ ಮನೆಗೆ ಬರೆದ ಕಾಗದದಲ್ಲಿ ಜ್ವರದ ಮಾತೇ ಇರಲಿಲ್ಲ. ಶಾಲೆಯ ಹಿಂದೆ ಗೇರುಮರಗಳಿವೆ, ಹಣ್ಣಾದಾಗ ನಮ್ಮ ಗುಡ್ಡದ್ದೇ ವಾಸನೆ ಬರುತ್ತದೆ ಎಂದಷ್ಟೇ ಇತ್ತು. ತಾಂಜಾನಿಯಾದ ಹಸಿ ಗೇರುಬೀಜ ಹಡಗು ಹತ್ತಿ ಕೊಲ್ಲಂಗೂ ಮಂಗಳೂರಿಗೂ ಬಂದು ಸಿಪ್ಪೆ ಸುಲಿಸಿಕೊಳ್ಳುವುದು ಹಳೆಯ ವ್ಯಾಪಾರ. ಬೀಜದ ಮೂಟೆಗಳು ತನಗಿಂತ ಹೆಚ್ಚು ಸಲ ಊರಿಗೆ ಹೋಗಿವೆ ಎಂದು ಕೆಳಗೆ ಬರೆದಿದ್ದರು. ತಮಾಷೆಗೇ ಬರೆದದ್ದು. ಅವರ ಅಮ್ಮ ಆ ಕಾಗದವನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡಿದ್ದರು.

ಈಗ ಫಾದರ್ ಅವರ ಹಳೆಯ ಕೋಣೆಗೆ ಏಸಿ ಬಂದಿದೆ, ಜೊತೆಗೆ ಅಣ್ಣನ ಮೊಮ್ಮಗನ ಕಂಪ್ಯೂಟರ್. ಆ ಹುಡುಗ ತಲೆ ಎತ್ತದೆ "ಹಾಯ್" ಅನ್ನುತ್ತಾನೆ. ಫಾದರ್ ಅದಕ್ಕೂ ಗಂಭೀರವಾಗಿ "ಮರಹಬಾ" ಅನ್ನುತ್ತಾರೆ. ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಮಿಷನ್ ಶಾಲೆಗಳಲ್ಲಿ ಪಾಠ ಹೇಳಿದವರು, ದೇಶ ಅವರನ್ನು ಕೊನೆವರೆಗೂ ಮೇಷ್ಟ್ರು ಎಂದೇ ಕರೆಯಿತು ಎಂದು ಹುಡುಗನಿಗೆ ಹೇಳಲು ಹೋಗುತ್ತಾರೆ. ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ಅನ್ನು ಆ ಮೇಷ್ಟ್ರು ಸ್ವಾಹಿಲಿಗೆ ತಂದರು ಎನ್ನುವಷ್ಟರಲ್ಲಿ ಹುಡುಗ ಕಿವಿಗೆ ಹೆಡ್‌ಫೋನ್ ಏರಿಸಿರುತ್ತಾನೆ.

ಹೊರಡುವ ಹಿಂದಿನ ರಾತ್ರಿ ತೂಕದ ಜಗಳ. ಸೂಟ್‌ಕೇಸಿಗೆ ಅತ್ತಿಗೆ ಕುಚ್ಚಲಕ್ಕಿ, ಬಫಾತ್ ಮಸಾಲೆ ಪುಡಿ, ಮಾವಿನ ಮಿಡಿ ತುಂಬಿದರೆ ಫಾದರ್ ಅಕ್ಕಿ ತೆಗೆದು ಮಕ್ಕಳಿಗೆಂದು ಕೊಂಡ ಜಾಮಿಟ್ರಿ ಬಾಕ್ಸುಗಳನ್ನು ಜೋಡಿಸುತ್ತಾರೆ. ಅತ್ತಿಗೆ ಬಾಕ್ಸು ತೆಗೆಯುತ್ತಾರೆ. ಫಾದರ್ ಮತ್ತೆ ಇಡುತ್ತಾರೆ. ಕಡೆಗೆ ಬಾಕ್ಸುಗಳೇ ಗೆಲ್ಲುತ್ತವೆ. ಬಫಾತ್ ಪುಡಿಯನ್ನು ಅತ್ತಿಗೆ ಅವರಿಗೆ ಕಾಣದಂತೆ ಬೂಟಿನೊಳಗೆ ತುರುಕುತ್ತಾರೆ. ವಿಮಾನ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಅಣ್ಣನ ಮಗ ಕೇಳುತ್ತಾನೆ. ಈ ಸಲ ಟಿಕೆಟ್ಟನ್ನು ಅವನೇ ಇಸಿದುಕೊಂಡು ಓದುತ್ತಾನೆ.