ಎಂಜಿನ್ ಇದ್ದವನೇ ಯಜಮಾನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಗಾಡಿಗಳಿಗೆಲ್ಲ ನಂಬರು ಒಂದೇ, ಕೆಎ 24. ಈ ನಂಬರು ಹೊತ್ತವರಿಗೆ ಸರ್ಕಾರ ಏನೆಲ್ಲ ಕರುಣಿಸಿದೆ ನೋಡಿ: ಲೈಸೆನ್ಸು, ವಿಮೆ, ಹೊಗೆ ತಪಾಸಣೆ, ಹೆಲ್ಮೆಟ್ಟು, ದಂಡದ ರಸೀದಿ. ಚಕ್ಕಡಿ ಹೊಡೆಯುವವನಿಗೆ, ಸೈಕಲ್ ತುಳಿಯುವವನಿಗೆ, ಕೈಗಾಡಿ ನೂಕುತ್ತ ಬಾಳೆಹಣ್ಣು ಮಾರುವವನಿಗೆ ಇದರಲ್ಲಿ ಒಂದೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ ಬೇಕಾದದ್ದು ಯಂತ್ರದ ಬಲ. ಎತ್ತಿನ ಬಲ, ಕಾಲಿನ ಬಲ, ರಟ್ಟೆಯ ಬಲ ಅದರ ಲೆಕ್ಕಕ್ಕಿಲ್ಲ.

ಹಾಗಂತ ಕಾನೂನು ಇವರನ್ನು ಪೂರ್ತಿ ಮರೆತಿದೆ ಎನ್ನುವುದು ಅನ್ಯಾಯದ ಮಾತು. ಸಾರ್ವಜನಿಕ ರಸ್ತೆಯಲ್ಲಿ ಯಾವುದೇ ವಾಹನವನ್ನು ಅಪಾಯವಾಗುವಂತೆ ಓಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದೆ: 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಲಮಿಗೆ ಎಂಜಿನ್ ಬೇಕಿಲ್ಲ. ಹಕ್ಕು ಕೇಳಲು ಹೋದಾಗ ಚಕ್ಕಡಿ ಗಾಡಿಯಲ್ಲ. ತಪ್ಪು ಹೊರಿಸುವಾಗ ಗಾಡಿ.

ಚಕ್ಕಡಿಗೂ ಒಂದು ದಿನ ತಪಾಸಣೆ ನಡೆದರೆ ಹೇಗಿದ್ದೀತು?

‘ಗಾಡಿ ನಂಬರ್ ಎಲ್ಲೈತೋ?’

‘ಗಾಡಿಗಿಲ್ರಿ ಸಾಹೇಬ್ರ. ಎತ್ತಿನ ಕಿವ್ಯಾಗ ಐತ್ರಿ, ಹನ್ನೆರಡ ಅಂಕಿದು.’

‘ಇನ್ಸೂರೆನ್ಸ್?’

‘ಎತ್ತಿಂದ ಮಾಡ್ಸೇವ್ರಿ. ನಂದ ಇಲ್ಲ.’

‘ಹೆಡ್‌ಲೈಟ್?’

‘ಹುಣ್ಣಿವಿ ಐತಲ್ರಿ. ಗುಡ್ಡಕ್ಕ ಹೊಂಟೀವಿ.’

ಗುಡ್ಡ ಎಂದರೆ ಈ ಸೀಮೆಯಲ್ಲಿ ಬೇರೆ ವಿವರಣೆ ಬೇಡ, ಸವದತ್ತಿಯ ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಕೊಲ್ಲಾರಿ ಕಟ್ಟಿಕೊಂಡು, ಎತ್ತಿಗೆ ಝೂಲ ಹೊದಿಸಿ, ಬುತ್ತಿ ಗಂಟು ಇಟ್ಟುಕೊಂಡು ಹೊರಡುವ ಚಕ್ಕಡಿಗಳು ರಾತ್ರಿಯ ತಂಪಿನಲ್ಲೇ ದಾರಿ ಸಾಗಿಸುತ್ತವೆ. ಯಲ್ಲಮ್ಮನ ಜಾತ್ರೆ ಮತ್ತು ಕಬ್ಬು ನುರಿಸುವ ಹಂಗಾಮು ಎರಡೂ ಅದೇ ತಿಂಗಳುಗಳಲ್ಲಿ ಬರುತ್ತವೆ. ಹೀಗಾಗಿ ಅದೇ ಹುಣ್ಣಿಮೆಯ ಬೆಳಕಿನಲ್ಲಿ ಎದುರಿನಿಂದ ಬರುವುದು ಕಬ್ಬಿನ ಟ್ರ್ಯಾಕ್ಟರ್. ಬೆನ್ನಿಗೆ ಎರಡು ಟ್ರೇಲರು, ಎರಡೂ ಬದಿಗೆ ಚಾಚಿದ ಕಬ್ಬು, ಡ್ರೈವರನ ತಲೆಯ ಮೇಲೆ ಊರಿಗೇ ಕೇಳುವ ಸ್ಪೀಕರು. ಎಲ್ಲ ಇದೆ, ಹಿಂದಿನ ದೀಪ ಒಂದಿಲ್ಲ. ಆದರೆ ಅದಕ್ಕೆ ಎಂಜಿನ್ ಇದೆ, ಆದ್ದರಿಂದ ಅದು ಕಾನೂನು ಬಲ್ಲ ಗಾಡಿ. ಚಕ್ಕಡಿಗೆ ಕಾನೂನಿಲ್ಲದೆ ದೀಪವಿಲ್ಲ, ಟ್ರ್ಯಾಕ್ಟರಿಗೆ ಕಾನೂನಿದ್ದೂ ದೀಪವಿಲ್ಲ. ಕತ್ತಲೆಯಲ್ಲಿ ಇಬ್ಬರೂ ಸಮಾನರು. ಡಿಕ್ಕಿಯಾದ ಮೇಲಷ್ಟೇ ವ್ಯತ್ಯಾಸ ತಿಳಿಯುವುದು.

ಸೈಕಲ್ಲಿಗೂ ಒಂದು ಗೌರವದ ಕಾಲವಿತ್ತು. ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಬಂದರೆ, ಡಬಲ್ ಸವಾರಿ ಮಾಡಿದರೆ ಪೊಲೀಸಪ್ಪ ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ. ಗಾಳಿ ಬಿಡುವ ನೆಪದಲ್ಲಾದರೂ ಸರ್ಕಾರ ಸೈಕಲ್ಲನ್ನು ಮುಟ್ಟಿ ನೋಡುತ್ತಿತ್ತು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೊರೊನಾ ಕಾಲದಲ್ಲಿ ಅದೂ ನಿಂತಿತು. ಅಷ್ಟು ವರ್ಷ ಸೈಕಲ್ ಹಂಚಿದವರು ಅದನ್ನು ಓಡಿಸಲು ರಸ್ತೆಯಲ್ಲಿ ಗೇಣು ಜಾಗ ಹಂಚಲಿಲ್ಲ. ಬಸ್ಸಿನ ಹಾರ್ನು ಕೇಳಿದ ಕೂಡಲೇ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಬೇಕೆಂಬುದನ್ನು ಹುಡುಗಿಯರು ಪಠ್ಯಪುಸ್ತಕದ ನೆರವಿಲ್ಲದೆ ಕಲಿತರು.

ಎತ್ತಿನ ಸ್ಥಿತಿ ಇದಕ್ಕಿಂತ ಎಷ್ಟೋ ಮೇಲು. ಭಾರ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲೇ ಕೇಂದ್ರ ನಿಯಮ ಬಂದಿದೆ: ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಸಿಲು 37 ಡಿಗ್ರಿ ದಾಟುವ ಜಾಗದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಎತ್ತು ನೆರಳು ಹುಡುಕಿ ನಿಲ್ಲಬಹುದು. ಚಕ್ಕಡಿಯ ಮೇಲೆ ಕುಳಿತವನಿಗೆ ಅಂಥ ಹಕ್ಕನ್ನು ಯಾರೂ ಬರೆದುಕೊಟ್ಟಿಲ್ಲ.

ಕಿತ್ತೂರಿನ ರೈತನದು ಇನ್ನೊಂದು ಪಾಡು. ಪುಣೆ–ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹರಿಯುತ್ತದೆ. ಮನೆ ಈ ಕಡೆ, ಹೊಲ ಆ ಕಡೆ. ನೇರ ದಾಟಿದರೆ ಜೀವಕ್ಕೆ ಅಪಾಯ. ಅಂಡರ್‌ಪಾಸ್ ಹುಡುಕಿ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಹೊಡೆದರೆ ಕಾನೂನಿಗೆ ಅಪಮಾನ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 2023ರ ಆಗಸ್ಟ್ 1ರಿಂದ ಈ ಗೊಂದಲವನ್ನೇ ಬಗೆಹರಿಸಿದರು: ಬೈಕು, ಆಟೊ, ಟ್ರ್ಯಾಕ್ಟರುಗಳ ಜತೆ ಎಂಜಿನ್ ಇಲ್ಲದ ಎಲ್ಲ ಗಾಡಿಗಳಿಗೂ ಪ್ರವೇಶ ನಿಷೇಧ. ನಿಷೇಧದ ಫಲಕದ ಮೇಲಾದರೂ ಚಕ್ಕಡಿಯ ಚಿತ್ರ ಬಂತಲ್ಲ, ಅದೇ ಭಾಗ್ಯ.

2019ರ ತಿದ್ದುಪಡಿಯಲ್ಲಿ ಸಂಸತ್ತಿಗೆ ಏನೋ ಹೊಳೆದು, ಕಾಯ್ದೆಗೆ 138(1ಎ) ಎಂಬ ಉಪಕಲಂ ಸೇರಿತು: ಎಂಜಿನ್ ಇಲ್ಲದ ಗಾಡಿಗಳಿಗೂ ಪಾದಚಾರಿಗಳಿಗೂ ರಾಜ್ಯ ಸರ್ಕಾರ ನಿಯಮ ಮಾಡಬಹುದು. ‘ಮಾಡಬಹುದು’ ಎಂದದ್ದಕ್ಕೆ ‘ನೋಡೋಣ’ ಎಂದು ರಾಜ್ಯಗಳು ಸುಮ್ಮನಾದವು. ಕೊನೆಗೆ ಕೊಯಮತ್ತೂರಿನ ಮೂಳೆ ತಜ್ಞರೊಬ್ಬರು 2012ರಲ್ಲಿ ಹಾಕಿದ್ದ ರಸ್ತೆ ಸುರಕ್ಷತೆಯ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ಎಲ್ಲ ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಮುರಿದ ಮೂಳೆ ಕೂಡಿಸುವವರಿಗೆ ಕಂಡದ್ದು ರಸ್ತೆ ಕೂಡಿಸುವವರಿಗೆ ಕಾಣಲು ಇಷ್ಟು ದಿನ ಬೇಕಾಯಿತು.

ಅಧಿಕಾರಿಗಳ ಶ್ರಮ ಉಳಿಸಲು ನಮ್ಮದೊಂದು ಕರಡು:

ಒಂದು, ಚಕ್ಕಡಿ ರಸ್ತೆಯ ಎಡಕ್ಕೇ ಸಾಗತಕ್ಕದ್ದು. ಎಡಕ್ಕೆ ಕಬ್ಬಿನ ಟ್ರೇಲರು ಪಂಕ್ಚರಾಗಿ ನಿಂತಿದ್ದರೆ ಅದರ ಎಡಕ್ಕೆ, ಅಂದರೆ ಗಟಾರದಲ್ಲಿ, ಸಾಗತಕ್ಕದ್ದು.

ಎರಡು, ಚಕ್ಕಡಿಯ ಹಿಂಬದಿಗೆ ಹೊಳೆಯುವ ಪಟ್ಟಿ ಕಡ್ಡಾಯ. ಪಟ್ಟಿ ಸುಲಿದುಹೋದಲ್ಲಿ ತಿರುವಿನ ಸೂಚನೆಯನ್ನು ಎತ್ತು ಬಾಲದಿಂದ ಕೊಡತಕ್ಕದ್ದು.

ಮೂರು, ಗುಡ್ಡದ ದಾರಿಯಲ್ಲಿ ‘ಉಧೋ ಉಧೋ’ ಎಂದು ಕೂಗುವುದನ್ನು ಕರ್ಕಶ ಹಾರ್ನ್ ಎಂದು ಪರಿಗಣಿಸಲಾಗುವುದು.

ನಾಲ್ಕು, ಅಪಘಾತವಾದಲ್ಲಿ ತಪ್ಪು ನಿಧಾನ ಇದ್ದವರದ್ದು.

ಇದರಲ್ಲಿ ನಾಲ್ಕನೆಯದು ಕರಡಲ್ಲ, ಈಗಾಗಲೇ ಜಾರಿಯಲ್ಲಿದೆ. ಮೊದಲ ಮೂರಕ್ಕೆ ನಗುವವರು ನಗಲಿ. ನಿಜವಾದ ನಿಯಮ ಬಂದಾಗ ಅದರಲ್ಲಿ ಚಕ್ಕಡಿಯವನಿಗೆ ಹೊಸ ದಂಡ ಮಾತ್ರ ಇದ್ದು, ಗಟ್ಟಿಯಾದ ರಸ್ತೆ ಅಂಚು, ದಾಟಲು ದಾರಿ, ಮಳೆಗಾಲದಲ್ಲಿ ನೀರು ನಿಲ್ಲದ ಅಂಡರ್‌ಪಾಸ್ ಇಲ್ಲದಿದ್ದರೆ ಅದು ಈ ಕರಡಿಗಿಂತ ದೊಡ್ಡ ಹಾಸ್ಯವಾಗುತ್ತದೆ.

ಒಂದು ಕೆಲಸಕ್ಕಂತೂ ದೆಹಲಿಯೂ ಬೇಡ, ಬೆಂಗಳೂರೂ ಬೇಡ. ಈ ನಾಲ್ಕು ತಾಲ್ಲೂಕಿನ ಕಬ್ಬೆಲ್ಲ ಯಾವುದಾದರೊಂದು ಕಾರ್ಖಾನೆಯ ಕಾಟಾ ಹತ್ತಲೇಬೇಕು. ಹಿಂದೆ ದೀಪವಿಲ್ಲದ ಟ್ರೇಲರನ್ನು, ಹೊಳೆಯುವ ಪಟ್ಟಿಯಿಲ್ಲದ ಚಕ್ಕಡಿಯನ್ನು ತೂಗುವುದಿಲ್ಲ ಎಂದು ಕಾಟಾದ ಮುಂದೆ ಒಂದು ಬೋರ್ಡು ಹಾಕಿ, ಪಟ್ಟಿಯನ್ನು ಕಾರ್ಖಾನೆಯವರೇ ಪುಕ್ಕಟೆ ಅಂಟಿಸಲಿ. ಸಕ್ಕರೆಯ ಲೆಕ್ಕದಲ್ಲಿ ಅದು ಚಿಲ್ಲರೆ ಖರ್ಚು. ಮುಂದಿನ ಹಂಗಾಮಿಗೆ ಬಾಯ್ಲರಿಗೆ ಬೆಂಕಿ ಹಾಕುವ ಮೊದಲು ಇಷ್ಟು ಮಾಡಿ.