ನಿಧಾನಕ್ಕೆ ಇಳಿಯಪ್ಪಾ

ವಿಮಾನದಲ್ಲಿ ರೆಕ್ಕೆಯ ಪಕ್ಕದ ಕಿಟಕಿ ಸೀಟು ಸಿಕ್ಕಿದರೆ ಜನ ಸಾಮಾನ್ಯವಾಗಿ ಮುಖ ಸಿಂಡರಿಸುತ್ತಾರೆ. ಕೆಳಗಿನ ಊರು ಕಾಣುವುದಿಲ್ಲ, ಮೋಡದ ಫೋಟೋ ತೆಗೆದರೆ ಅರ್ಧಕ್ಕರ್ಧ ರೆಕ್ಕೆಯೇ ಬರುತ್ತದೆ. ನನಗೆ ಬೇಕಾದದ್ದು ಅದೇ ಸೀಟು, ಅದೂ ರೆಕ್ಕೆಯ ಹಿಂದಂಚು ಸರಿಯಾಗಿ ಕಾಣುವಂಥದ್ದು. ದೇವನಹಳ್ಳಿ ಹತ್ತಿರವಾಗುತ್ತಿದ್ದಂತೆ ಕಾಲಡಿಯಿಂದ ಗುಂಯ್ ಎಂದು ಸದ್ದು ಹೊರಡುತ್ತದೆ. ಹಿಂದಂಚಿನ ಹಲಗೆಗಳು ಮೆಲ್ಲಗೆ ಹಿಂದಕ್ಕೆ ಜಾರಿ ಕೆಳಕ್ಕೆ ಬಾಗುತ್ತವೆ. ಪಕ್ಕದವರು ಏನೋ ಕಳಚಿಕೊಳ್ಳುತ್ತಿದೆ ಎಂದುಕೊಂಡು ರಾಯರನ್ನೋ ತಿಮ್ಮಪ್ಪನನ್ನೋ ನೆನೆಯುತ್ತಾರೆ. ನಾನು ಗಾಜಿಗೆ ಮೂಗು ಒತ್ತಿ, ಈಗ ಎಷ್ಟು ಡಿಗ್ರಿ ಇದ್ದೀತು ಎಂದು ಅಂದಾಜು ಹಾಕುತ್ತಿರುತ್ತೇನೆ. ಆರ್‌ಸಿ ವಿಮಾನದ, ಅಂದರೆ ನೆಲದ ಮೇಲೆ ನಿಂತು ರೇಡಿಯೊ ಟ್ರಾನ್ಸ್‌ಮಿಟರಿನಿಂದ ಹಾರಿಸುವ ಪುಟ್ಟ ವಿಮಾನದ, ಹುಚ್ಚು ಹತ್ತಿಸಿಕೊಂಡವರ ಲಕ್ಷಣ ಇದು. ಇದಕ್ಕೆ ಮದ್ದಿಲ್ಲ.

ಆ ಹಲಗೆಯೇ ಫ್ಲ್ಯಾಪ್. ಅದು ಕೆಳಗೆ ಬಾಗಿದರೆ ರೆಕ್ಕೆಯ ಡೊಂಕು ಹೆಚ್ಚುತ್ತದೆ. ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಬರುತ್ತದೆ, ಜೊತೆಗೆ ಗಾಳಿಯ ಎಳೆತವೂ ಏರುತ್ತದೆ. ಒಟ್ಟಿನಲ್ಲಿ ವಿಮಾನ ಬೀಳದೆ ನಿಧಾನವಾಗುತ್ತದೆ. ಕೇಳುವುದಕ್ಕೆ ಸುಲಭ. 1903ರಲ್ಲಿ ತಮ್ಮನ ಜೊತೆ... ಅಲ್ಲ, ಅಣ್ಣ ವಿಲ್ಬರ್ ಜೊತೆ ವಿಮಾನ ಹಾರಿಸಿದ ಆರ್ವಿಲ್ ರೈಟ್, ಜೇಕಬ್ಸ್ ಎಂಬುವರೊಡನೆ ಸೇರಿ ಸ್ಪ್ಲಿಟ್ ಫ್ಲ್ಯಾಪ್ ರೂಪಿಸಿದ್ದು 1920ರಲ್ಲಿ. ಮೇಲೆ ಹೋಗುವ ವಿದ್ಯೆ ಕೈಗೆ ಬಂದು 17 ವರ್ಷ ಕಳೆದರೂ ಆ ಮಹಾನುಭಾವ ಕೆಳಗಿಳಿಯುವ ಚಿಂತೆಯಲ್ಲೇ ಇದ್ದ ಎನ್ನುವುದು ನನಗೆ ದೊಡ್ಡ ಸಮಾಧಾನ.

ನನ್ನ ವಿಮಾನ ಒಂದೂವರೆ ಮೀಟರ್ ರೆಕ್ಕೆಯ, ಬಾಲ್ಸಾ ಕಟ್ಟಿಗೆಯದು. ರೆಕ್ಕೆ ಮೇಲೆ, ಹೊಟ್ಟೆ ಕೆಳಗೆ. ಕಲಿಯುವವರು ಹಾರಿಸುವ ಸಾಧು ಜಾತಿ. ಅದಕ್ಕಿರುವುದು ಒಂದೇ ಚಾಳಿ. ಇಳಿ ಎಂದರೆ ಇಳಿಯುವುದಿಲ್ಲ. ಮೋಟಾರು ನಿಲ್ಲಿಸಿದರೂ ಒಣಗಿದ ಕೆರೆಯಂಗಳದ ಉದ್ದಕ್ಕೂ ಮೊಣಕಾಲೆತ್ತರದಲ್ಲಿ ತೇಲಿಕೊಂಡು ಹೋಗಿ, ಸೀದಾ ಜಾಲಿ ಪೊದೆ ಹೊಗುತ್ತದೆ. ನಕಾಶೆಯಲ್ಲಿ ಫ್ಲ್ಯಾಪ್ ಇರಬೇಕಾದ ಜಾಗದಲ್ಲಿ ಎರಡು ಗೆರೆಗಳಿದ್ದವು. ಬುದ್ಧಿವಂತರು ಆ ಗೆರೆಗಳನ್ನು ರೆಕ್ಕೆಯ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆದು, ನೋಡುವವರಿಗೆ ಫ್ಲ್ಯಾಪ್ ಇದೆ ಎನಿಸಿ ಸುಖವಾಗಿರುತ್ತಾರೆ. ಉಳಿದವರು ಬ್ಲೇಡು ತೆಗೆದುಕೊಳ್ಳುತ್ತಾರೆ.

ಕತ್ತರಿಸುವ ಕೆಲಸ ಒಂದು ಸಂಜೆಗೆ ಮುಗಿಯುತ್ತದೆ. ಊಟದ ಮೇಜಿನ ಮೇಲೆ ಬಿದ್ದ ಬಾಲ್ಸಾ ಹೊಟ್ಟಿನ ಬಗ್ಗೆ ಮನೆಯವಳು ಆಡುವ ಮಾತು ಇನ್ನೊಂದು ಸಂಜೆಗೆ ಮುಗಿಯುತ್ತದೆ. ಆಮೇಲಿನದು ಮುಗಿಯುವುದಿಲ್ಲ.

ಒಂದೊಂದು ಫ್ಲ್ಯಾಪಿಗೂ ಒಂದೊಂದು ಸರ್ವೋ ಬೇಕು. ಬೆಂಕಿಪೊಟ್ಟಣದ ಅರ್ಧದಷ್ಟಿರುವ, 9 ಗ್ರಾಂ ತೂಗುವ ಮೋಟಾರು ಪೆಟ್ಟಿಗೆ ಅದು. ಅದರ ತೋಳಿಗೆ ಕಡ್ಡಿ, ಕಡ್ಡಿಯ ತುದಿಗೆ ಫ್ಲ್ಯಾಪಿನ ಕೊಂಬು. ಎರಡು ಸರ್ವೋಗಳನ್ನು ಎಡಗೈ ಬಲಗೈಯಂತೆ ಎದುರುಬದುರಾಗಿ ಕೂರಿಸಿ ಒಂದೇ ವೈ ಕೇಬಲಿಗೆ ಜೋಡಿಸಿದರೆ ಒಂದು ಫ್ಲ್ಯಾಪ್ ಇಳಿಯುತ್ತದೆ, ಇನ್ನೊಂದು ಏಳುತ್ತದೆ. ರೆಕ್ಕೆಯ ತುದಿಯ ಕಡೆಗಿರುವ ಹಲಗೆಗೆ, ಏಲೆರಾನಿಗೆ, ಬೇಕಾದದ್ದೇ ಇದು. ವಿಮಾನ ಪಕ್ಕಕ್ಕೆ ವಾಲುವುದೇ ಹಾಗೆ. ಫ್ಲ್ಯಾಪಿನಲ್ಲಿ ಅದೇ ಆದರೆ ನೆಲ ಇನ್ನೇನು ಸಿಕ್ಕಿತು ಎನ್ನುವಾಗ ವಿಮಾನ ಅಂಗಾತ ಮಲಗುತ್ತದೆ. ಎರಡೂ ಸರ್ವೋಗಳ ತೋಳು ಒಂದೇ ದಿಕ್ಕಿಗಿರುವಂತೆ ಕೂರಿಸಬೇಕು. ಇಲ್ಲವೇ ಎರಡಕ್ಕೂ ಬೇರೆ ಬೇರೆ ಚಾನೆಲ್ ಕೊಟ್ಟು ಒಂದನ್ನು ಟ್ರಾನ್ಸ್‌ಮಿಟರಿನಲ್ಲಿ ತಿರುವುಮುರುವು ಮಾಡಬೇಕು. ನನ್ನ ಮತ ಎರಡನೆಯದಕ್ಕೆ. ವೈ ಕೇಬಲ್ ಉಳಿಸುವುದು ಒಂದು ಚಾನೆಲ್, ತಿನ್ನುವುದು ಒಂದು ವಾರ.

ಏಕೆಂದರೆ ಎರಡೂ ಫ್ಲ್ಯಾಪ್ ಒಂದೇ ಸಮ ಇಳಿಯಬೇಕಲ್ಲ! ಕೆಲವು ಸರ್ವೋಗಳಲ್ಲಿ ತೋಳು ಕೂರುವ ಹಲ್ಲುಗಾಲಿಗೆ 25 ಹಲ್ಲು. ತೋಳನ್ನು ಒಂದೇ ಒಂದು ಹಲ್ಲು ಆಚೆ ಕೂರಿಸಿದರೂ 14 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂತು. ಉಳಿದ ಕೊಸರನ್ನು ಕಡ್ಡಿಯ ತುದಿಯ ತಿರುಪು ತಿರುಗಿಸಿ, ಆಮೇಲೆ ಟ್ರಾನ್ಸ್‌ಮಿಟರಿನ ಗುಂಡಿ ಒತ್ತಿ ತುಂಬಿಸಿಕೊಳ್ಳಬೇಕು. ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕವನ್ನು ಸೆಲೋಟೇಪಿನಿಂದ ರೆಕ್ಕೆಗೆ ಅಂಟಿಸಿಕೊಂಡು ಕೂತವನನ್ನು ನೋಡಿ ಅವಳೇ ಕೇಳಿದಳು, 'ಅಪ್ಪಾ, ನಿನಗೂ ಟೆಸ್ಟ್ ಇದೆಯಾ?'

ಇನ್ನೊಂದು ತೊಡಕಿದೆ. ಏಲೆರಾನ್ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಈ ಫ್ಲ್ಯಾಪಿಗೆ ಕೆಳಗಿನ ದಾರಿ ಮಾತ್ರ. ಹಾಗಾಗಿ ಸರ್ವೋ ತನ್ನ ನಡುಮಟ್ಟದಲ್ಲಿ ನಿಂತಾಗ ಫ್ಲ್ಯಾಪ್ ಅರ್ಧ ಇಳಿದಿರುವ ಹಾಗೆ ಕಡ್ಡಿ ಹೊಂದಿಸಬೇಕು. ಒಂದು ಕೊನೆಗೆ ಹೋದರೆ ಪೂರ್ತಿ ಮುಚ್ಚಿರಬೇಕು, ಇನ್ನೊಂದು ಕೊನೆಗೆ ಪೂರ್ತಿ ತೆರೆದಿರಬೇಕು. ಇದನ್ನು ಬಿಟ್ಟು ಮುಚ್ಚಿದ ಸ್ಥಿತಿಯನ್ನೇ ನಡುಮಟ್ಟ ಮಾಡಿಕೊಂಡರೆ ಸರ್ವೋದ ಅರ್ಧ ಓಟ ದಂಡ, ಫ್ಲ್ಯಾಪೂ ಬೇಕಾದಷ್ಟು ಇಳಿಯುವುದಿಲ್ಲ. ಮುಚ್ಚಿದ ಫ್ಲ್ಯಾಪನ್ನು ರೆಕ್ಕೆಗೆ ಇನ್ನಷ್ಟು ಬಿಗಿಯಾಗಿ ಒತ್ತುವಂತೆ ಹೊಂದಿಸುವ ಅತಿ ಆಸೆಯೂ ಬೇಡ. ಸರ್ವೋ ಹಲ್ಲು ಕಚ್ಚಿ ಜೀರುಂಡೆಯ ಸದ್ದು ಹೊರಡಿಸುತ್ತಾ ಬಿಸಿಯಾಗುತ್ತದೆ. ಆ ಸದ್ದು ನಿಂತುಹೋದರೆ ಸಂತೋಷಪಡಬಾರದು, ಸರ್ವೋ ತೀರಿಕೊಂಡಿರುತ್ತದೆ.

ಇಷ್ಟೆಲ್ಲ ನಡೆಯುವಾಗ ಮನೆಯಲ್ಲಿ ಒಬ್ಬ ತೀರ್ಪುಗಾರರಿದ್ದರು. ನನ್ನ ಸೋದರಮಾವ. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕಾಫಿ ಲೋಟ ಹಿಡಿದು ಬಂದು, ಕನ್ನಡಕದ ಮೇಲಿಂದ ನೋಡಿ, 'ಏನೋ ಇದು, ಅದರ ಒಟ್ಟು ತೂಕ ಎಷ್ಟೋ?' ಎಂದರು.

'ಒಂದೂವರೆ ಕೆಜಿ ಮಾವ.'

'ಒಂದೂವರೆ ಕೆಜಿಗೆ ಫ್ಲ್ಯಾಪು! ಮಾರ್ಕೆಟ್ಟಿಂದ ತಂದ ಬದನೇಕಾಯಿ ಅದಕ್ಕಿಂತ ತೂಗುತ್ತೆ. ಕೈಯಲ್ಲಿ ಹಿಡ್ಕೊಂಡು ಇಳಿಸೋ.'

ಮಾವನ ಮಾತು ತಾಂತ್ರಿಕವಾಗಿ ಸರಿಯೇ. ಇಂಥ ಹಗುರ ವಿಮಾನಕ್ಕೆ ಫ್ಲ್ಯಾಪ್ ಇಲ್ಲದಿದ್ದರೆ ಪ್ರಾಣವೇನೂ ಹೋಗುವುದಿಲ್ಲ, ಜಾಲಿ ಪೊದೆಯನ್ನು ಕಡಿಸಿದರೂ ಆಗುತ್ತಿತ್ತು. ಆದರೆ ಸ್ವಿಚ್ಚು ಒತ್ತಿದಾಗ ರೆಕ್ಕೆಯ ಅಂಚು ನಿಜವಾದ ವಿಮಾನದ ಹಾಗೆ ಮೆಲ್ಲಗೆ ಇಳಿಯುವುದನ್ನು ನೋಡುವ ಸುಖಕ್ಕೆ ಪೊದೆ ಕಡಿದರೆ ಬದಲಿ ಸಿಗುತ್ತದೆಯೇ? ಮೆಲ್ಲಗೆ ಎಂದರೆ ಮೆಲ್ಲಗೇ. ಸುಮ್ಮನೆ ಬಿಟ್ಟರೆ ಸರ್ವೋ ಕಣ್ಣು ಮಿಟುಕಿಸುವುದರೊಳಗೆ ಟಪ್ಪನೆ ಬಾಗುತ್ತದೆ, ನೋಡುವುದಕ್ಕೂ ಚೆನ್ನಾಗಿರುವುದಿಲ್ಲ, ವಿಮಾನಕ್ಕೂ ಹಿತವಲ್ಲ. ಟ್ರಾನ್ಸ್‌ಮಿಟರಿನಲ್ಲಿ ಎರಡು ಮೂರು ಸೆಕೆಂಡಿನ ವಿಳಂಬ ಹಾಕಬೇಕು. ಆ ವಿಳಂಬ ಹಾಕಿದ ರಾತ್ರಿ ಮೇಜಿನ ಮುಂದೆ ಕೂತು ಸುಮ್ಮಸುಮ್ಮನೆ ಸ್ವಿಚ್ಚು ಆಡಿಸುತ್ತಿದ್ದೆ. ಮೂರು ಹಂತದ ಸ್ವಿಚ್ಚು: ಮುಚ್ಚಿದ್ದು, ಏರುವಾಗಿನ ಅರ್ಧ, ಇಳಿಯುವಾಗಿನ ಪೂರ್ತಿ. ಬ್ಯಾಟರಿ ಖಾಲಿಯಾಗುವವರೆಗೂ ಆಡಿಸಿದೆ.

ಆಕಾಶದಲ್ಲಿ ಇನ್ನೊಂದು ಪಾಠ ಕಾದಿರುತ್ತದೆ. ರೆಕ್ಕೆ ಮೇಲಿರುವ ಇಂಥ ವಿಮಾನಗಳು ಫ್ಲ್ಯಾಪ್ ಇಳಿಸಿದೊಡನೆ ಸಾಮಾನ್ಯವಾಗಿ ಮೂಗೆತ್ತಿ ಮೇಲಕ್ಕೆ ಉಬ್ಬುತ್ತವೆ. ಇಳಿಯಲೆಂದು ಕೊಟ್ಟ ಅಪ್ಪಣೆಗೆ ವಿಮಾನ ಏರುತ್ತದೆ! ಮೂಗು ಎತ್ತಿಕೊಂಡೇ ವೇಗ ಕಳೆದುಕೊಂಡರೆ ಆಮೇಲೆ ಕಲ್ಲಿನಂತೆ ಬೀಳುವುದೇ. ಅದಕ್ಕೆ ಟ್ರಾನ್ಸ್‌ಮಿಟರಿನಲ್ಲಿ ಮಿಕ್ಸಿಂಗ್ ಎಂಬ ಏರ್ಪಾಡಿದೆ: ಫ್ಲ್ಯಾಪ್ ಇಳಿದಂತೆಲ್ಲ ಬಾಲದ ಎಲಿವೇಟರ್ ತಾನಾಗಿ ಒಂದೆರಡು ಮಿಲಿಮೀಟರ್ ಕೆಳಗಾಗಿ ಮೂಗನ್ನು ತಗ್ಗಿಸುತ್ತದೆ. ಎಷ್ಟು ಮಿಲಿಮೀಟರ್ ಎನ್ನುವುದನ್ನು ಸಾಕಷ್ಟು ಎತ್ತರದಲ್ಲಿ ಹಾರಿಸಿ ನೋಡಿಯೇ ಕಂಡುಕೊಳ್ಳಬೇಕು. ನೆಲದ ಹತ್ತಿರ ಬಂದ ಮೇಲೆ ಗಾಬರಿಯಾಗಿ ಫ್ಲ್ಯಾಪನ್ನು ಒಮ್ಮೆಲೇ ಎತ್ತುವುದಂತೂ ಕೂಡದು. ಎತ್ತಿ ಹಿಡಿದಿದ್ದ ಬಲ ಹೋಗಿ ವಿಮಾನ ದೊಪ್ಪನೆ ಕುಸಿಯುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಕೆರೆಯಂಗಳಕ್ಕೆ ಮಾವನೂ ಬಂದರು, ವಾಕಿಂಗ್ ನೆಪದಲ್ಲಿ. ಎದುರು ಗಾಳಿ ಹದವಾಗಿತ್ತು. ಮೋಟಾರು ತಗ್ಗಿಸಿ ಸ್ವಿಚ್ಚನ್ನು ಮೊದಲು ಅರ್ಧಕ್ಕೆ, ಆಮೇಲೆ ಪೂರ್ತಿಗೆ ತಂದೆ. ವಿಮಾನ ಮೂಗು ತಗ್ಗಿಸಿ, ರೆಕ್ಕೆಯ ಅಂಚುಗಳನ್ನು ಇಳಿಬಿಟ್ಟುಕೊಂಡು, ಎದುರು ಗಾಳಿಯಲ್ಲಿ ಹೆಚ್ಚುಕಡಿಮೆ ಮನುಷ್ಯ ನಡೆಯುವ ವೇಗಕ್ಕೆ ಬಂತು. ಚಕ್ರ ಮುಟ್ಟಿದ್ದೂ ಗೊತ್ತಾಗಲಿಲ್ಲ, ನಾಲ್ಕು ಮಾರು ಉರುಳಿ ನಿಂತಿತು. ಜಾಲಿ ಪೊದೆ ಇನ್ನೂ ಎಷ್ಟೋ ದೂರ.

ಬೈಕಿನ ಮೇಲೆ ಕೂತು ನೋಡುತ್ತಿದ್ದ ಹುಡುಗ ಕೂಗಿ ಕೇಳಿದ, 'ಅಂಕಲ್, ಬ್ಯಾಟರಿ ಡೌನಾ?'

ನಾನು ಏನು ಹೇಳಲಿ! ಅಷ್ಟರಲ್ಲಿ ಮಾವ ಪಂಚೆ ಮೇಲೆತ್ತಿ ಕಟ್ಟಿ, ವಿಮಾನದ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಕಣ್ಣು ಮುಚ್ಚಿ ರೆಕ್ಕೆಯ ಉದ್ದಕ್ಕೂ ನೋಡಿ, ಎಡ ಫ್ಲ್ಯಾಪಿನ ಅಂಚಿಗೆ ಬೆರಳಿಟ್ಟರು.

'ಇದು ಒಂದು ಕೂದಲೆಳೆ ಕಮ್ಮಿ ಇಳಿದಿದೆಯಲ್ಲೋ. ಹೀಗೇ ಬಿಟ್ಟುಬಿಡ್ತೀಯಾ? ಸ್ಕ್ರೂಡ್ರೈವರ್ ಎಲ್ಲಿ, ಕೊಡು ಇಲ್ಲಿ.'